ಫೈಲಿನಲ್ಲಿ ‘ಸಾಫ್ಟ್ ಸೈನ್ಸ್ ಇವೆ’ ಎಂದು ಬರೆದಿದ್ದಾರೆ, ನನ್ನ ಮಗನ ಮೆದುಳಿಗೆ ಏನಾಗಿದೆ?

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. 34 ವಾರಕ್ಕೇ ಹುಟ್ಟಿದವನು. ನಡಿಗೆ, ಮಾತು ಎರಡೂ ಸ್ವಲ್ಪ ತಡವಾದವು. 9ನೇ ವರ್ಷದಲ್ಲಿ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಂಚಲತೆಯ ತೊಂದರೆ) ಇದೆ ಎಂದರು. ಶೂ ಲೇಸ್ ಕಟ್ಟಲು ಇವತ್ತಿಗೂ ತಿಣುಕುತ್ತಾನೆ, ಅಕ್ಷರ ಕೋಳಿ ಕೆದರಿದ ಹಾಗೆ, ಎಸೆದ ಚೆಂಡು ಹಿಡಿಯಲು ಬರುವುದಿಲ್ಲ. ಈ ವರ್ಷ ಆತಂಕ, ಸಿಟ್ಟು ಎರಡೂ ಹೆಚ್ಚಾಗಿ ಮನೋವೈದ್ಯರ ಬಳಿ ಹೋದೆವು. ಸಿಟ್ಟಿಗೆಂದು ನಾಲ್ಕು ತಿಂಗಳಿಂದ ರಿಸ್ಪೆರಿಡೋನ್ ಸಣ್ಣ ಪ್ರಮಾಣದಲ್ಲಿ ಕೊಡುತ್ತಿದ್ದಾರೆ. ಕಳೆದ ಭೇಟಿಯಲ್ಲಿ ಹೆಬ್ಬೆರಳಿಗೆ ಒಂದೊಂದೇ ಬೆರಳು ತಾಗಿಸು ಎಂದರು. ಬಲಗೈಯಲ್ಲಿ ಮಾಡುವಾಗ ಎಡಗೈ ಬೆರಳುಗಳೂ ತಾವೇ ಅಲ್ಲಾಡುತ್ತಿದ್ದವು. ಕಣ್ಣು ಮುಚ್ಚಿ ಒಂದೇ ಕಾಲಿನಲ್ಲಿ ನಿಲ್ಲಲು ಆಗಲಿಲ್ಲ. ಅಂಗೈ ಮೇಲೆ ಬರೆದ ಅಂಕಿ ಹೇಳಲಿಲ್ಲ. ಫೈಲಿನಲ್ಲಿ ‘ನ್ಯೂರಾಲಜಿಕಲ್ ಸಾಫ್ಟ್ ಸೈನ್ಸ್ ಇವೆ’ ಎಂದು ಬರೆದರು. ಮನೆಗೆ ಬಂದು ಹುಡುಕಿದರೆ ಎಲ್ಲೆಲ್ಲೂ ಸ್ಕಿಜೋಫ್ರೇನಿಯಾ! ಇಲ್ಲದ ದನಿ ಕೇಳಿಸುವ, ಭ್ರಮೆ ಹುಟ್ಟಿಸುವ ಆ ಮಾನಸಿಕ ಕಾಯಿಲೆ ನನ್ನ ಮೈದುನನಿಗೆ ಇದೆ. ಎಂಆರ್‌ಐ ಕೇಳಿದರೆ ವೈದ್ಯರು ‘ಈಗ ಬೇಡ’ ಎಂದರು. ಇದು ನಿರ್ಲಕ್ಷ್ಯವೇ? ಒಂದು ಕೇಂದ್ರದವರು ಮೂರು ತಿಂಗಳ ವ್ಯಾಯಾಮದಲ್ಲಿ ಮೆದುಳಿನ ಎಡ-ಬಲ ಸಮತೋಲ ಸರಿಮಾಡುತ್ತೇವೆ ಎನ್ನುತ್ತಾರೆ. ಹೋಗಬಹುದೇ? ಮತ್ತೆ, ಎರಡು ತಿಂಗಳಿಂದ ಲೋಟ ಹಿಡಿದರೆ ಅವನ ಕೈ ನಡುಗುತ್ತದೆ. ಅದೂ ಇದರದೇ ಭಾಗವೇ?

ಉತ್ತರ: ನೀವು ಕೊನೆಗೆ ಕೇಳಿದ್ದನ್ನು ನಾನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ತುರ್ತಾಗಿ ಗಮನಿಸಬೇಕಾದದ್ದು ಅದೊಂದೇ. ಕೈ ನಡುಕ ಸಾಫ್ಟ್ ಸೈನ್ ಅಲ್ಲ. ಸಾಫ್ಟ್ ಸೈನ್‌ಗಳು, ಅಂದರೆ ಚಲನೆಯ ಹೊಂದಾಣಿಕೆಯಂಥವುಗಳಲ್ಲಿ ಕಾಣುವ ಸಣ್ಣ ಕೊರತೆಗಳು, ಮಗು ಬೆಳೆಯುತ್ತ ಬಂದಂತೆ ಜೊತೆಯಲ್ಲೇ ಬಂದಿರುತ್ತವೆ. ಎರಡು ತಿಂಗಳ ಹಿಂದೆ ಹೊಸದಾಗಿ ಹುಟ್ಟಿಕೊಳ್ಳುವುದಿಲ್ಲ. ನಾಲ್ಕು ತಿಂಗಳಿಂದ ರಿಸ್ಪೆರಿಡೋನ್ ತೆಗೆದುಕೊಳ್ಳುತ್ತಿರುವ ಹುಡುಗನಿಗೆ ಎರಡು ತಿಂಗಳಿಂದ ನಡುಕ ಎಂದರೆ ನನ್ನ ಮೊದಲ ಅನುಮಾನ ಔಷಧದ ಮೇಲೆ. ಆ ಹೊತ್ತಿಗೆ ಪ್ರಮಾಣ ಏರಿಸಿದ್ದರೇ, ಬೇರೆ ಮಾತ್ರೆ ಏನಾದರೂ ಸೇರಿಸಿದ್ದರೇ ಎಂದು ಹಳೆಯ ಚೀಟಿಗಳನ್ನು ತೆಗೆದು ನೋಡಿ. ಆಂಟಿಸೈಕೋಟಿಕ್ ಎಂಬ ಈ ಗುಂಪಿನ ಔಷಧಗಳು ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡ ನಿಲ್ಲುವುದರಿಂದ ಕೆಲವರಲ್ಲಿ ನಡುಕ, ಮೈ ಬಿಗಿತ, ಚಲನೆಯಲ್ಲಿ ನಿಧಾನ ಕಾಣಿಸುತ್ತದೆ. ಇನ್ನು ಕೆಲವರಲ್ಲಿ ಕುಳಿತಲ್ಲಿ ಕೂರಲಾಗದ ಒಳತಳಮಳ. ಅದನ್ನು ಎಡಿಎಚ್‌ಡಿ ಜೋರಾಯಿತೆಂದೋ ಸಿಟ್ಟು ಹೆಚ್ಚಾಯಿತೆಂದೋ ತಪ್ಪಾಗಿ ತಿಳಿದು ಅದೇ ಔಷಧವನ್ನು ಇನ್ನಷ್ಟು ಏರಿಸಿದ ಪ್ರಕರಣಗಳನ್ನು ನಾನು ಕಂಡಿದ್ದೇನೆ.

ಹಾಗೆಂದು ನೀವೇ ಮಾತ್ರೆ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ಸಿಟ್ಟು ದುಪ್ಪಟ್ಟಾಗಿ ಮರಳಬಹುದು, ಬಾಯಿ-ಕೈಕಾಲುಗಳಲ್ಲಿ ಬೇಡದ ಚಲನೆಗಳೂ ಕಾಣಿಸಬಹುದು. ಬರೆದುಕೊಟ್ಟ ವೈದ್ಯರಿಗೆ ತಿಳಿಸಿ. ಪ್ರಮಾಣ ಇಳಿಸುವುದೋ, ಔಷಧ ಬದಲಿಸುವುದೋ ಅವರು ನಿರ್ಧರಿಸಲಿ. ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡರೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡರೆ, ದವಡೆ ಅಥವಾ ನಾಲಿಗೆ ಬಿಗಿದರೆ, ಇಲ್ಲವೇ ಜೋರು ಜ್ವರದ ಜೊತೆ ಮೈ ಕಟ್ಟಿಗೆಯಂತಾಗಿ ಮಂಕು ಕವಿದರೆ ಫೋನ್‌ಗಾಗಿ ಕಾಯದೆ ಆಸ್ಪತ್ರೆಗೆ ಹೋಗಿ.

ಔಷಧ ಸರಿಪಡಿಸಿದ ಮೇಲೂ ನಡುಕ ನಿಲ್ಲದಿದ್ದರೆ ಥೈರಾಯ್ಡ್ ಪರೀಕ್ಷೆ ಬೇಕು. ವಿಲ್ಸನ್ ಕಾಯಿಲೆ ಇಲ್ಲವೆಂದೂ ಖಚಿತಪಡಿಸಿಕೊಳ್ಳಬೇಕು. ಇದು ಅಪರೂಪದ್ದು, ದೇಹ ತಾಮ್ರವನ್ನು ಹೊರಹಾಕಲಾರದೆ ಯಕೃತ್ತಿನಲ್ಲೂ ಮೆದುಳಿನಲ್ಲೂ ಕೂಡಿಡುತ್ತದೆ. ಹದಿಹರೆಯದಲ್ಲಿ ಸಿಟ್ಟು, ಓದಿನಲ್ಲಿ ಕುಸಿತ, ನಡುಕ ಎಂಬ ವೇಷದಲ್ಲೇ ಬರುವುದುಂಟು. ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನ್, 24 ಗಂಟೆಯ ಮೂತ್ರದಲ್ಲಿ ತಾಮ್ರದ ಅಳತೆ, ಕಣ್ಣಿನ ಕಾರ್ನಿಯಾ ಅಂಚಿನಲ್ಲಿ ಕಂದು ಬಳೆಯ ಹುಡುಕಾಟ, ಇವಿಷ್ಟು ಸಾಮಾನ್ಯವಾಗಿ ದಾರಿ ತೋರಿಸುತ್ತವೆ. ನಿಮ್ಮ ಮಗನಿಗೆ ಅದೇ ಇದೆ ಎಂದು ನಾನು ಹೇಳುತ್ತಿಲ್ಲ. ಬೇಗ ಗೊತ್ತಾದರೆ ಚಿಕಿತ್ಸೆ ಇರುವ ಕಾಯಿಲೆ ಅದು, ತಪ್ಪಿಸಿಕೊಂಡರೆ ನಷ್ಟ ದೊಡ್ಡದು, ಅಷ್ಟಕ್ಕೇ ಹೇಳಿದೆ.

ಇನ್ನು ಆ ಫೈಲಿನ ಸಾಲಿಗೆ ಬರೋಣ. ‘ಸಾಫ್ಟ್’ ಎಂಬ ಪದವೇ ಅರ್ಧ ಗೊಂದಲಕ್ಕೆ ಕಾರಣ. ಇಲ್ಲಿ ಅದಕ್ಕೆ ಸೌಮ್ಯ ಎಂಬ ಅರ್ಥವಿಲ್ಲ. ನರವೈದ್ಯರಿಗೆ ‘ಹಾರ್ಡ್ ಸೈನ್’ ಎಂದರೆ ಬೆರಳಿಟ್ಟು ಜಾಗ ತೋರಿಸುವ ಗುರುತು: ಒಂದು ಬದಿ ಕೈಕಾಲಿಗೆ ಬಲ ಕುಂದಿದ್ದರೆ ಎದುರು ಬದಿಯ ಮೆದುಳಿನಲ್ಲೋ ಕೆಳಗೆ ಬರುವ ನರಮಾರ್ಗದಲ್ಲೋ ಏನೋ ಆಗಿದೆ ಎನ್ನಬಹುದು. ಸಾಫ್ಟ್ ಸೈನ್‌ಗೆ ಹಾಗೆ ವಿಳಾಸವಿಲ್ಲ. ಚಲನೆಗಳ ಹೊಂದಾಣಿಕೆ, ಒಂದರ ಹಿಂದೊಂದು ಚಲನೆಯನ್ನು ಪೋಣಿಸುವುದು, ಇಂದ್ರಿಯಗಳಿಂದ ಬಂದ ಸುದ್ದಿಯನ್ನು ಕೂಡಿಸಿ ಅರ್ಥಮಾಡಿಕೊಳ್ಳುವುದು ಇಂಥವುಗಳಲ್ಲಿ ವಯಸ್ಸಿಗೆ ತಕ್ಕ ನಯ ಬಂದಿಲ್ಲ ಎಂದಷ್ಟೇ ಅದು ಹೇಳುತ್ತದೆ.

ನಿಮ್ಮ ಭಯದ ಬೇರು ಈ ಪದದ ಚರಿತ್ರೆಯಲ್ಲೇ ಇದೆ. 1947ರಲ್ಲಿ ಲೊರೆಟ್ಟಾ ಬೆಂಡರ್ ಎಂಬ ಅಮೆರಿಕದ ಮನೋವೈದ್ಯೆ ಬಾಲ್ಯದ ಸ್ಕಿಜೋಫ್ರೇನಿಯಾ ಎಂದು ಗುರುತಿಸಲಾಗಿದ್ದ ನೂರು ಮಕ್ಕಳ ಬಗ್ಗೆ ಬರೆಯುವಾಗ ಈ ಮಾತನ್ನು ಬಳಸಿದರು. ಅಲ್ಲಿಂದ ಎರಡೂ ಪದಗಳು ಅಂಟಿಕೊಂಡವು. ಆಮೇಲೆ ಬಂದದ್ದು ಇನ್ನೂ ಕೆಟ್ಟ ಹೆಸರು, ‘ಮಿನಿಮಲ್ ಬ್ರೇನ್ ಡ್ಯಾಮೇಜ್’. ಚಂಚಲ ಮಗು, ಓದಲು ಬಾರದ ಮಗು, ಎಡವುವ ಮಗು, ಎಲ್ಲರಿಗೂ ‘ಮೆದುಳಿಗೆ ಸಣ್ಣ ಪೆಟ್ಟು’ ಎಂಬ ಒಂದೇ ಚೀಟಿ. ಪೆಟ್ಟು ಕಣ್ಣಿಗೆ ಕಾಣದಿದ್ದಾಗ ಇದ್ದೀತೆಂದು ಊಹಿಸುವುದು ಸರಿಯಲ್ಲವೆಂದು 1962ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಸೇರಿದ ಮಕ್ಕಳ ನರವೈದ್ಯರು ‘ಡ್ಯಾಮೇಜ್’ ಬಿಟ್ಟು ‘ಡಿಸ್‌ಫಂಕ್ಷನ್’, ಅಂದರೆ ಕೆಲಸದಲ್ಲಿ ಏರುಪೇರು, ಎನ್ನೋಣ ಎಂದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ ಮೂರನೇ ಆವೃತ್ತಿ ಇಂದಿನ ಎಡಿಎಚ್‌ಡಿಗೆ ಅಟೆನ್ಷನ್ ಡೆಫಿಸಿಟ್ ಡಿಸಾರ್ಡರ್ ಎಂಬ ಹೆಸರನ್ನು ತಂದಿತು, ಹಳೆಯ ಹಣೆಪಟ್ಟಿ ಮೂಲೆ ಸೇರಿತು. ಮಕ್ಕಳಿಗಾಗಿಯೇ ಈ ಪರೀಕ್ಷೆಗಳನ್ನು ಅಚ್ಚುಕಟ್ಟು ಮಾಡಿದ ಅಮೆರಿಕದ ನರವೈದ್ಯೆ ಮಾರ್ಥಾ ಡೆಂಕ್ಲಾ ಅವರಂಥವರು ‘ಸಾಫ್ಟ್’ ಬದಲು ‘ಸಟ್ಲ್’, ಅಂದರೆ ಸೂಕ್ಷ್ಮ, ಎನ್ನುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ.

ನಿಮ್ಮ ಮಗನ ಮೂರು ಗುರುತುಗಳನ್ನೇ ನೋಡಿ. ಬಲಗೈ ಕೆಲಸ ಮಾಡುವಾಗ ಎಡಗೈ ಅನುಕರಿಸುವುದನ್ನು ಕನ್ನಡಿ ಚಲನೆ ಎನ್ನುತ್ತೇವೆ. ಐದು ವರ್ಷದ ಯಾವ ಮಗುವಿಗಾದರೂ ಇದನ್ನು ಮಾಡಿಸಿ, ಎರಡೂ ಕೈ ಆಡುತ್ತವೆ. ಕೆಲವರಿಗೆ ನಾಲಿಗೆಯೂ ಹೊರಗೆ ಬರುತ್ತದೆ. ಮೆದುಳಿನ ಎರಡು ಅರ್ಧಗಳನ್ನು ಜೋಡಿಸುವ ನರತಂತುಗಳ ಸೇತುವೆ ಬಲಿತಂತೆ ಒಂದು ಬದಿ ಕೆಲಸ ಮಾಡುವಾಗ ಇನ್ನೊಂದು ಬದಿಗೆ ‘ನೀನು ಸುಮ್ಮನಿರು’ ಎಂದು ಹೇಳುವುದು ಸಾಧ್ಯವಾಗುತ್ತದೆ. ಸುಮಾರು ಹತ್ತು ವರ್ಷದ ಹೊತ್ತಿಗೆ ಇದು ಬಹುಮಟ್ಟಿಗೆ ಮರೆಯಾಗುತ್ತದೆ, ಹುಡುಗಿಯರಲ್ಲಿ ಹುಡುಗರಿಗಿಂತ ಬೇಗ. 14ರಲ್ಲಿ ಸ್ಪಷ್ಟವಾಗಿ ಉಳಿದಿದೆ ಎಂದರೆ ಆ ತಡೆಯುವ ವ್ಯವಸ್ಥೆ ವಯಸ್ಸಿಗಿಂತ ಹಿಂದಿದೆ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಇದು ಹೆಚ್ಚಾಗಿ ಕಾಣುವುದು ಕಾಕತಾಳೀಯವಲ್ಲ. ಬೇಡದ ಚಲನೆಯನ್ನು ತಡೆಯುವುದಕ್ಕೂ ಬಾಯಿಗೆ ಬಂದ ಮಾತನ್ನು ತಡೆಯುವುದಕ್ಕೂ ಮೆದುಳಿನ ಮುಂಭಾಗ, ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪು, ಹಿಂದಿನ ಕಿರುಮೆದುಳು ಇವುಗಳನ್ನು ಸುತ್ತುವ ಅಕ್ಕಪಕ್ಕದ ಜಾಲಗಳೇ ಬೇಕು. ಎಡಗೈಯನ್ನು ಸುಮ್ಮನಿರಿಸಲಾಗದ ಹುಡುಗ ತರಗತಿಯಲ್ಲಿ ನಾಲಿಗೆಯನ್ನೂ ಸುಮ್ಮನಿರಿಸಲಾರದೆ ಇದ್ದರೆ ನನಗೆ ಆಶ್ಚರ್ಯವಿಲ್ಲ.

ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲುವುದು ಕಿರುಮೆದುಳಿಗೂ ಕೀಲು-ಸ್ನಾಯುಗಳಿಂದ ಬರುವ ಸುದ್ದಿಗೂ ಒಡ್ಡುವ ಪರೀಕ್ಷೆ. ಅಂಗೈ ಅಂಕಿಯ ವಿಷಯ ಸ್ವಲ್ಪ ಬೇರೆ. ಚರ್ಮಕ್ಕೆ ಸ್ಪರ್ಶ ಗೊತ್ತಾಗುತ್ತಿದೆ, ಅದನ್ನು ಆಕಾರವಾಗಿ ಓದುವುದು ಮೆದುಳಿನ ಮೇಲು-ಹಿಂಭಾಗದ ಕೆಲಸ. ಆದರೆ ಗಮನ ಬೇರೆಲ್ಲೋ ಇದ್ದರೂ ಅಂಕಿ ತಪ್ಪುತ್ತದೆ. ಎಡಿಎಚ್‌ಡಿ ಹುಡುಗ, ಆತಂಕದಲ್ಲಿದ್ದಾನೆ, ಮಾತ್ರೆಯ ಮಂಪರೂ ಇರಬಹುದು. ಆ ಒಂದು ಫಲಿತಾಂಶಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಮುಷ್ಟಿ, ಕೈಯ ಅಂಚು, ಅಂಗೈ ಎಂದು ಮೇಜಿನ ಮೇಲೆ ಸರದಿಯಾಗಿ ಇಡಿಸುವ ಇನ್ನೊಂದು ಪರೀಕ್ಷೆ ಇದೆ, ಸೋವಿಯತ್ ನರಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ ಅವರ ಹೆಸರಿನಲ್ಲಿ ಪ್ರಸಿದ್ಧವಾದದ್ದು. ಮಗುವಿಗೆ ಮಾಡಿಸುವ ಮೊದಲು ನಾನು ಅದನ್ನು ತಂದೆ-ತಾಯಿಗೂ ಮಾಡಿಸುತ್ತೇನೆ. ನಗುತ್ತ ಶುರುಮಾಡಿದ ಎಷ್ಟೋ ತಂದೆಯರು ಮೂರನೇ ಸುತ್ತಿಗೆ ಎಡವುತ್ತಾರೆ. ಯಾವ ತೊಂದರೆಯೂ ಇಲ್ಲದವರಲ್ಲಿ ಒಂದೆರಡು ಸಾಫ್ಟ್ ಸೈನ್ ಸಿಗುವುದು ಮಾಮೂಲು. ಎಷ್ಟಿವೆ, ಯಾವ ಯಾವವು ಗುಂಪುಗೂಡಿವೆ, ಆ ವಯಸ್ಸಿಗೆ ಅವು ಇರಬೇಕಿತ್ತೇ ಎಂಬುದರ ಮೇಲೆ ಲೆಕ್ಕ.

ಈಗ ಸ್ಕಿಜೋಫ್ರೇನಿಯಾ. ನೀವು ಓದಿದ್ದು ಸುಳ್ಳಲ್ಲ. ಆ ಕಾಯಿಲೆ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಾಫ್ಟ್ ಸೈನ್‌ಗಳು ಇರುತ್ತವೆ. ಔಷಧ ಶುರುಮಾಡುವ ಮೊದಲೇ ಇರುತ್ತವೆ, ಅವರ ಒಡಹುಟ್ಟಿದವರಲ್ಲೂ ಸ್ವಲ್ಪ ಮಟ್ಟಿಗೆ ಕಾಣುತ್ತವೆ. ಆದರೆ ಇದನ್ನು ತಿರುಗಿಸಿ ಓದಿದರೆ ಸುಳ್ಳಾಗುತ್ತದೆ. ಎಡಿಎಚ್‌ಡಿ, ಆಟಿಸಂ, ಕಲಿಕಾ ತೊಂದರೆ, ಒಸಿಡಿ ಎಂಬ ಗೀಳಿನ ಕಾಯಿಲೆ, ಉನ್ಮಾದ-ಖಿನ್ನತೆಗಳ ಬೈಪೋಲಾರ್ ಕಾಯಿಲೆ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳು, ಹುಟ್ಟುವಾಗ ತೂಕ ಕಡಿಮೆ ಇದ್ದವರು, ಗರ್ಭದಲ್ಲಿದ್ದಾಗ ಮದ್ಯದ ಪರಿಣಾಮಕ್ಕೆ ಒಳಗಾದವರು, ಇವರೆಲ್ಲರಲ್ಲೂ ಇವೇ ಗುರುತುಗಳು ಹೆಚ್ಚು. ಇವರಲ್ಲಿ ಬಹುಪಾಲು ಮಂದಿಗೆ ಸ್ಕಿಜೋಫ್ರೇನಿಯಾ ಬರುವುದೇ ಇಲ್ಲ. ಮಳೆ ಬಂದಾಗ ಮೋಡ ಇದ್ದೇ ಇರುತ್ತದೆ, ಮೋಡ ಕಂಡಾಗಲೆಲ್ಲ ಕೊಡೆ ಬಿಚ್ಚಿದರೆ ಬದುಕಲಾಗದು.

ಮೈದುನನ ಕಾಯಿಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಸಾಮಾನ್ಯ ಜನರಲ್ಲಿ ಜೀವಮಾನದಲ್ಲಿ ಇದು ಬರುವ ಸಾಧ್ಯತೆ ನೂರಕ್ಕೆ ಸುಮಾರು 1. ಚಿಕ್ಕಪ್ಪನಿಗೆ ಇದ್ದರೆ ಅದು ನೂರಕ್ಕೆ 2ರಿಂದ 4ರ ಆಸುಪಾಸಿಗೆ ಏರುತ್ತದೆ. ಬಾಲ್ಯದ ಬೆಳವಣಿಗೆಯ ತೊಂದರೆಗಳು ಇದನ್ನು ಇನ್ನೂ ತುಸು ಮೇಲೆ ತಳ್ಳಬಹುದು. ಆದರೂ ಬಾರದಿರುವ ಸಾಧ್ಯತೆಯೇ ಬಹಳ ಹೆಚ್ಚು, ಮತ್ತು ಫೈಲಿನ ಆ ಸಾಲಿನಿಂದ ಒಬ್ಬ ಹುಡುಗನ ಭವಿಷ್ಯ ಹೇಳುವ ವಿದ್ಯೆ ಯಾರ ಬಳಿಯೂ ಇಲ್ಲ. ನೀವು ಕಣ್ಣಿಡಬೇಕಾದದ್ದು ಅವನ ಬೆರಳುಗಳ ಮೇಲಲ್ಲ. ತಿಂಗಳುಗಟ್ಟಲೆ ಗೆಳೆಯರಿಂದ ದೂರವಾಗುತ್ತ ಹೋಗುವುದು, ಓದು-ಸ್ನಾನ-ಸ್ವಚ್ಛತೆ ಒಟ್ಟೊಟ್ಟಿಗೆ ಕುಸಿಯುವುದು, ಯಾರೋ ತನ್ನನ್ನು ಗಮನಿಸುತ್ತಿದ್ದಾರೆ ಎಂಬ ಬಲವಾದ ಅನುಮಾನ, ಇಲ್ಲದ ದನಿ ಕೇಳುವುದು, ಇವು ಕಂಡರೆ ಬೇಗ ವೈದ್ಯರ ಬಳಿ ಹೋಗಿ. ಗಾಂಜಾದಿಂದ ದೂರ ಇರುವುದು ನಿಜವಾಗಿ ಅವನ ಕೈಯಲ್ಲಿರುವ ರಕ್ಷಣೆ. 14ರ ಹುಡುಗನ ಜೊತೆ ಅದನ್ನು ಹೆದರಿಸದೆ, ಕುಟುಂಬದ ಕಾರಣವನ್ನು ಮುಚ್ಚಿಡದೆ ಮಾತಾಡಬಹುದು.

ಇದಕ್ಕಿಂತ ನಿಮ್ಮ ಮಗನಿಗೆ ಹತ್ತಿರವಾದ ಒಂದು ಸಂಗತಿ ಇದೆ, ಅದನ್ನು ಹುಡುಕಾಟದಲ್ಲಿ ನೀವು ಕಂಡಿರಲಾರಿರಿ. ಏಳನೇ ವರ್ಷದಲ್ಲಿ ಸಾಫ್ಟ್ ಸೈನ್ ಇದ್ದ ಮಕ್ಕಳನ್ನು 17ನೇ ವರ್ಷದಲ್ಲಿ ಮತ್ತೆ ನೋಡಿದ ಅಧ್ಯಯನವೊಂದನ್ನು 1985ರಲ್ಲಿ ಮಕ್ಕಳ ಮನೋವೈದ್ಯ ಡೇವಿಡ್ ಶಾಫರ್ ಮತ್ತು ಸಂಗಡಿಗರು ಪ್ರಕಟಿಸಿದರು. ಅವರಲ್ಲಿ ಎದ್ದು ಕಂಡದ್ದು ಆತಂಕ ಮತ್ತು ಆತಂಕ ಬೆರೆತ ಖಿನ್ನತೆ. ಏಕೆ ಹಾಗೆ ಎಂಬುದಕ್ಕೆ ಒಂದೇ ಉತ್ತರವಿಲ್ಲ; ಚಲನೆಯೂ ಭಾವನೆಯೂ ಹಂಚಿಕೊಳ್ಳುವ ಮೆದುಳಿನ ಜಾಲಗಳು ಒಂದು ಕಾರಣವಿರಬಹುದು. ಆದರೆ ನನ್ನ ಎದುರು ಕೂತ ಮಕ್ಕಳನ್ನು ಕೇಳಿದರೆ ಇನ್ನೊಂದು ಸಿಗುತ್ತದೆ. ಹತ್ತು ವರ್ಷ ಎಲ್ಲರೆದುರು ಚೆಂಡು ಬಿಟ್ಟವನು, ತಂಡ ಆರಿಸುವಾಗ ಕೊನೆಗೆ ಉಳಿದವನು, ಅಕ್ಷರಕ್ಕೆ ಬೈಸಿಕೊಂಡವನು ಆತಂಕಪಡದೆ ಇನ್ನೇನು ಮಾಡಿಯಾನು? ಸಿಟ್ಟಿನ ಅಡಿಯಲ್ಲಿ ಎಷ್ಟೋ ಸಲ ಅದೇ ಇರುತ್ತದೆ. ಸಿಟ್ಟಿಗೆ ಮಾತ್ರೆ ಬಂದಿದೆ, ಆತಂಕಕ್ಕೆ ಏನು ನಡೆಯುತ್ತಿದೆ ಎಂದು ನಿಮ್ಮ ಪತ್ರದಲ್ಲಿ ಇಲ್ಲ. ಯೋಚನೆ-ವರ್ತನೆಗಳನ್ನು ಮಾತಿನ ಮೂಲಕ ತಿದ್ದುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಈ ವಯಸ್ಸಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಕೇಳಿ.

34 ವಾರದ ಬಗ್ಗೆ ಎರಡು ಮಾತು. ಆ ಹಂತದಲ್ಲಿ ಶಿಶುವಿನ ಮೆದುಳಿನ ತೂಕ ತುಂಬು ತಿಂಗಳ ಮೆದುಳಿನ ಸುಮಾರು ಮೂರನೇ ಎರಡು ಭಾಗ. ಉಳಿದದ್ದು ಹೊರಗೆ ಬೆಳಕು-ಸದ್ದುಗಳ ನಡುವೆ ಬೆಳೆಯಬೇಕಾಯಿತು. ಇವನ ತೊಂದರೆಗಳಲ್ಲಿ ಅದಕ್ಕೆ ಪಾಲಿರಬಹುದು, ವಂಶವಾಹಿಗಳಿಗೂ ಪಾಲಿರಬಹುದು. ‘ನಾನೇ ಏನೋ ತಪ್ಪು ಮಾಡಿದೆ’ ಎಂಬ ವಾಕ್ಯ ನೀವು ಬರೆದಿಲ್ಲ, ಆದರೆ ಇಂಥ ಪತ್ರಗಳ ಸಾಲುಗಳ ನಡುವೆ ಅದು ಸಾಮಾನ್ಯವಾಗಿ ಇರುತ್ತದೆ. ಇದ್ದರೆ, ಅದಕ್ಕೆ ಆಧಾರವಿಲ್ಲ.

ಎಂಆರ್‌ಐ ಬೇಡ ಎಂದ ನಿಮ್ಮ ವೈದ್ಯರ ಮಾತು ನಿರ್ಲಕ್ಷ್ಯವಲ್ಲ. ನಾನಾದರೂ ಅದನ್ನೇ ಹೇಳುತ್ತಿದ್ದೆ. ಸಂಶೋಧನೆಗಳಲ್ಲಿ ನೂರಾರು ಜನರ ಚಿತ್ರಗಳನ್ನು ಸರಾಸರಿ ಮಾಡಿದಾಗ ಕಾಣುವ ವ್ಯತ್ಯಾಸಗಳು ಒಬ್ಬ ಹುಡುಗನ ಚಿತ್ರದಲ್ಲಿ ಕಾಣವು. ಬದಲಿಗೆ ಸಿಗುವುದು ಬೇರೆ: ನಿರುಪದ್ರವಿ ನೀರುಗುಳ್ಳೆಯೊಂದು, ಎಲ್ಲೋ ಒಂದು ಬಿಳಿ ಚುಕ್ಕೆ. ಅದರ ಹಿಂದೆ ಮತ್ತೆ ಸ್ಕ್ಯಾನ್, ಮತ್ತೊಬ್ಬ ತಜ್ಞರು, ಒಂದು ವರ್ಷ ನಿದ್ದೆಗೇಡು. ಒಂದು ಬದಿ ಮಾತ್ರ ಎಡವುತ್ತಿದ್ದರೆ, ಕಾಲುಗಳಲ್ಲಿ ಬಿಗಿತ ಇದ್ದರೆ, ಫಿಟ್ಸ್ ಬಂದರೆ, ಬೆಳಗಿನ ತಲೆನೋವು-ವಾಂತಿ ಇದ್ದರೆ, ಬರುತ್ತಿದ್ದ ಕೆಲಸ ಬಾರದಂತಾದರೆ ಆಗ ಸ್ಕ್ಯಾನ್ ಬೇಕೇ ಬೇಕು, ಅದನ್ನು ಮುಂದೂಡುವುದು ತಪ್ಪು. ಮೆದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇಇಜಿಯೂ ಹಾಗೆಯೇ, ಎಚ್ಚರ ತಪ್ಪುವಂಥದ್ದೇನಾದರೂ ಇದ್ದರೆ ಮಾತ್ರ.

‘ಬಾರದಂತಾದರೆ’ ಎಂಬುದನ್ನು ಒತ್ತಿ ಹೇಳಲು ಕಾರಣವಿದೆ. ಹಿಂದೊಮ್ಮೆ ಒಬ್ಬ ಹುಡುಗಿ ಬಂದಿದ್ದಳು. ಫೈಲಿನಲ್ಲಿ ಹಳೆಯ ಸಾಫ್ಟ್ ಸೈನ್ ಟಿಪ್ಪಣಿ ಇತ್ತು, ಹಾಗಾಗಿ ಕೈಯಿಂದ ವಸ್ತು ಜಾರುವುದನ್ನು, ಅಕ್ಷರ ಕೆಟ್ಟದ್ದನ್ನು ಎಲ್ಲರೂ ‘ಅವಳು ಮೊದಲಿಂದಲೂ ಹಾಗೇ’ ಎಂದುಕೊಂಡಿದ್ದರು. ಆದರೆ ಎರಡೇ ತಿಂಗಳಲ್ಲಿ ಹಾಗಾಗಿತ್ತು, ಜೊತೆಗೆ ಪದೇ ಪದೇ ಕೈ ತೊಳೆಯುವ ಗೀಳು. ನಾಲಿಗೆ ಚಾಚಿ ಹಿಡಿ ಎಂದರೆ ಹಿಡಿಯಲಾಗದು, ಒಳಗೆ ಸರಕ್ಕನೆ ಎಳೆದುಕೊಳ್ಳುವುದು. ನನ್ನ ಬೆರಳು ಹಿಸುಕು ಎಂದರೆ ಹಾಲು ಕರೆದ ಹಾಗೆ ಬಿಗಿ-ಸಡಿಲ, ಬಿಗಿ-ಸಡಿಲ. ಅದು ಗಂಟಲು ಸೋಂಕಿನ ನಂತರ ಬರುವ ಬೇಡದ ಚಲನೆಗಳ ಕಾಯಿಲೆ, ಸಿಡೆನ್‌ಹ್ಯಾಮ್ ಕೊರಿಯಾ, ಹೃದಯಕ್ಕೂ ಹಾನಿ ಮಾಡಬಲ್ಲ ರುಮಾಟಿಕ್ ಜ್ವರದ ಒಂದು ಮುಖ. ಹೃದಯದ ಪರೀಕ್ಷೆಯಾಯಿತು, ದೀರ್ಘಕಾಲದ ಪೆನಿಸಿಲಿನ್ ಶುರುವಾಯಿತು. ಹಳೆಯ ಟಿಪ್ಪಣಿ ಹೊಸ ಕಾಯಿಲೆಗೆ ಪರದೆಯಾಗಬಾರದು. ನಿಮ್ಮ ಮಗನ ನಡುಕದ ಬಗ್ಗೆ ನಾನು ಮೊದಲೇ ಮಾತೆತ್ತಿದ್ದೂ ಇದಕ್ಕೇ.

ಹಾಗಾದರೆ ಮಾಡುವುದೇನು? ಸಾಫ್ಟ್ ಸೈನ್‌ಗೆ ಚಿಕಿತ್ಸೆ ಎಂಬುದಿಲ್ಲ, ಬೇಕಾಗಿಯೂ ಇಲ್ಲ. ಕನ್ನಡಿ ಚಲನೆ ನಿಂತರೆ ಯಾರಿಗೇನು ಲಾಭ? ಲೇಸ್ ಕಟ್ಟಲು ಬಂದರೆ ಲಾಭ. ನಿಮ್ಮ ವಿವರಣೆ ಓದಿದರೆ ಅವನಿಗೆ ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್, ಅಂದರೆ ಚಲನೆಗಳ ಹೊಂದಾಣಿಕೆ ವಯಸ್ಸಿಗೆ ತಕ್ಕಂತೆ ಬೆಳೆಯದ ತೊಂದರೆ, ಇದೆಯೇ ಎಂದು ಯಾರೂ ಸರಿಯಾಗಿ ನೋಡಿದಂತಿಲ್ಲ. ಶಾಲಾ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 5-6 ಮಂದಿಗೆ ಇರುವ ಸಾಮಾನ್ಯ ತೊಂದರೆ ಅದು, ಎಡಿಎಚ್‌ಡಿ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಕಾಣುತ್ತದೆ. ಆ ಹೆಸರು ಸಿಕ್ಕರೆ ‘ಸಾಫ್ಟ್ ಸೈನ್ಸ್’ ಎಂಬ ಮಸುಕು ಪದಕ್ಕಿಂತ ಉಪಯೋಗ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಕೀಬೋರ್ಡಿನಲ್ಲಿ ಬರೆಯಲು ಅನುಮತಿ ಕೇಳುವುದಕ್ಕೆ ಅದು ಆಧಾರವಾಗುತ್ತದೆ. ದಿನನಿತ್ಯದ ಕೆಲಸಗಳನ್ನು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಹತ್ತಿರ ಹೋದಾಗ ಅವನಿಗೇ ಬೇಕಾದ ಎರಡು-ಮೂರು ಕೆಲಸಗಳನ್ನು ಆರಿಸಿ, ಅವುಗಳನ್ನೇ ಹಂತಹಂತವಾಗಿ ಕಲಿಸುವ ವಿಧಾನ ಕೇಳಿ. ಇದಕ್ಕೂ ಮಿತಿ ಇದೆ: ಲೇಸ್ ಕಲಿತರೆ ಲೇಸ್ ಬರುತ್ತದೆ, ಚೆಂಡು ತಾನಾಗಿ ಬರುವುದಿಲ್ಲ. ವಾರವಿಡೀ ಥೆರಪಿ ತುಂಬಿದರೆ ಹುಡುಗ ತಾನು ಯಾವಾಗಲೂ ರೋಗಿ ಅಂದುಕೊಳ್ಳುತ್ತಾನೆ, ಅದೂ ಒಂದು ಅಪಾಯವೇ.

ಎಡಿಎಚ್‌ಡಿಗೆ ಔಷಧ ನಡೆಯುತ್ತಿದೆಯೇ ಎಂದು ನೀವು ಬರೆದಿಲ್ಲ. ಮೀಥೈಲ್‌ಫೆನಿಡೇಟ್‌ನಂಥವು ಗಮನದ ಜೊತೆಗೆ ಕೈಬರಹವನ್ನೂ ಕೆಲವರಲ್ಲಿ ಸುಧಾರಿಸುತ್ತವೆ, ಕೆಲವೊಮ್ಮೆ ಸಿಟ್ಟೂ ಇಳಿದು ರಿಸ್ಪೆರಿಡೋನ್‌ನ ಅಗತ್ಯವೇ ಕಡಿಮೆಯಾಗುತ್ತದೆ. ಹಸಿವು, ನಿದ್ದೆ ಕಡಿಮೆಯಾಗಬಹುದು, ನಾಡಿ-ರಕ್ತದೊತ್ತಡ ನೋಡುತ್ತಿರಬೇಕು. ಅಪರೂಪಕ್ಕೆ ಭ್ರಮೆಗಳನ್ನು ತರಬಹುದಾದ್ದರಿಂದ ಮೈದುನನ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ.

ಎಡ-ಬಲ ಸಮತೋಲದ ಕೇಂದ್ರಕ್ಕೆ ನಾನು ಕಳಿಸುವುದಿಲ್ಲ. ಮೆದುಳಿನ ಎರಡು ಅರ್ಧಗಳು ತಕ್ಕಡಿಯ ತಟ್ಟೆಗಳಲ್ಲ, ಒಂದು ಏರಿ ಒಂದು ಇಳಿದಿರುವುದಿಲ್ಲ, ವ್ಯಾಯಾಮದಿಂದ ಅದನ್ನು ಸಮ ಮಾಡುತ್ತೇವೆ ಎಂಬುದಕ್ಕೆ ನಂಬುವಂಥ ಪುರಾವೆಯಿಲ್ಲ. ವ್ಯಾಯಾಮ ಒಳ್ಳೆಯದೇ, ಅದಕ್ಕೆ ಮೆದುಳಿನ ಹೆಸರು ಹೇಳಿ ಮಾರುವವರು ಬೇಕಾಗಿಲ್ಲ. ಈಜು, ಸೈಕಲ್, ಓಟದಂತೆ ಚೆಂಡೂ ಇಲ್ಲದ, ತಂಡವೂ ಇಲ್ಲದ ಒಂದನ್ನು ಅವನೇ ಆರಿಸಲಿ. ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆ, ಆಮ್ಲಜನಕದ ಕೋಣೆಯ ಚಿಕಿತ್ಸೆ ಎಂದು ಯಾರಾದರೂ ಬಂದರೆ ಬಾಗಿಲಲ್ಲೇ ಬೇಡವೆನ್ನಿ.

ಮುಂದಿನ ಭೇಟಿಗೆ ಮೂರು ವಸ್ತು ತೆಗೆದುಕೊಂಡು ಹೋಗಿ: ಲೋಟ ಹಿಡಿದಾಗಿನ ನಡುಕದ ಒಂದು ಸಣ್ಣ ವಿಡಿಯೋ, ಔಷಧಗಳನ್ನು ಯಾವ ತಾರೀಖಿನಿಂದ ಎಷ್ಟು ಕೊಟ್ಟಿರಿ ಎಂಬ ಪಟ್ಟಿ, ಮತ್ತು ಅವನ 8, 10, 12 ವರ್ಷದ ಹಳೆಯ ನೋಟ್‌ಬುಕ್‌ಗಳ ಜೊತೆ ಈ ವಾರದ ಒಂದು ಪುಟ. ಅಕ್ಷರ ಯಾವಾಗಲೂ ಹೀಗೇ ಇತ್ತೇ, ಇತ್ತೀಚೆಗೆ ಸಣ್ಣದಾಗಿ, ನಡುಗಿ ಕೆಟ್ಟಿದೆಯೇ ಎಂಬುದನ್ನು ಅವು ಸ್ಕ್ಯಾನಿಗಿಂತ ಚೆನ್ನಾಗಿ ಹೇಳುತ್ತವೆ. ಆದರೆ ನಡುಕದ ವಿಷಯಕ್ಕೆ ಆ ಭೇಟಿಯ ತಾರೀಖಿನವರೆಗೆ ಕಾಯಬೇಡಿ. ವೈದ್ಯರಿಗೆ ಈ ವಾರವೇ ಫೋನ್ ಮಾಡಿ.